ಭಾವನ ಕಪ್ಪುಪಟ್ಟಿ

ಯಮ ಬಂದು ಬಾಗಿಲಲ್ಲಿ ನಿಂತರೂ ನಮ್ಮ ಭಾವ ಕೂಡಲೇ ಹೊರಡುವವರಲ್ಲ. ಮೊದಲು ಅವನ ನೇಮಕಾತಿ ಪತ್ರ ಕೇಳುತ್ತಾರೆ. ಪತ್ರದಲ್ಲಿ ನಿನ್ನೆಯ ದಿನಾಂಕ ಇತ್ತೋ, ಮುಗಿಯಿತು! "ನಿನ್ನೆ ನೀವು ಯಮ ಆಗಿದ್ದಿರಿ, ಒಪ್ಪಿದೆ. ಇವತ್ತು?" ಎಂದು ಕೇಳಿ ಕೋಣನ ಸಮೇತ ವಾಪಸು ಕಳಿಸುತ್ತಾರೆ. ಹಾಗಾಗಿ ಅವರ ಆಯುಷ್ಯ ಗಟ್ಟಿ ಎಂದು ನನ್ನ ನಂಬಿಕೆ. ದಿನಾ ಸಂಜೆ ದೀಪ ಹಚ್ಚಿ, ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ನೆನೆಯುವಾಗ ನಾನು ಇದನ್ನೂ ಸೇರಿಸಿಕೊಳ್ಳುತ್ತೇನೆ.

ಭಾವ ಎಂದರೆ ನನ್ನ ಗಂಡನ ಅಣ್ಣ. ಬೆಳ್ಳಾರೆ ಪೇಟೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಅವರೂ ನಮ್ಮ ಜೊತೆಯಲ್ಲೇ ಇರುವುದು. ಮದುವೆಯಾಗಿಲ್ಲ. ಯಾಕೆ ಎಂದು ಕೇಳಬೇಕೇ? ಪ್ರಾಯದಲ್ಲಿ ಒಂದು ಕಡೆ ಹೆಣ್ಣು ನೋಡಲು ಹೋದವರು ಅವಲಕ್ಕಿ ತಿಂದು, ಕಾಫಿ ಕುಡಿದು, ಹುಡುಗಿಯ ಅಪ್ಪನನ್ನು ಕೇಳಿದರಂತೆ: "ಮೊದಲು ಯಾರಾದ್ರೂ ನೋಡಿ ಬೇಡಾಂತ ಹೇಳಿದ್ದುಂಟಾ? ಇದ್ರೆ ಕಾರಣ ಬರವಣಿಗೆಯಲ್ಲಿ ಉಂಟಾ?" ಆ ಅಪ್ಪ ಬಾಯಿ ತೊಳೆದು ಬಂದು, "ಈಗ ನಾವೇ ಬೇಡಾಂತ ಹೇಳ್ತಿದ್ದೇವೆ. ಬರವಣಿಗೆಯಲ್ಲಿ ಬೇಕಾದ್ರೆ ಕೂತ್ಕೊಳ್ಳಿ, ಪೆನ್ನು ತರಿಸ್ತೇನೆ" ಎಂದರಂತೆ.

ಭಾವನಿಗೆ ನಮ್ಮ ಪಂಚಾಯತಿಯಲ್ಲಿ ಉದ್ಯೋಗ. ದೆಹಲಿಯಿಂದ ಅನುದಾನ ಬರುತ್ತದಲ್ಲ, ಅದರಲ್ಲಿ ಮೋರಿ, ರಸ್ತೆ, ನೀರಿನ ಟ್ಯಾಂಕಿ ಕಟ್ಟಿಸುತ್ತಾರೆ. ಕಟ್ಟುವ ಗುತ್ತಿಗೆದಾರ ಯೋಗ್ಯನೋ ಅಲ್ಲವೋ ಎಂದು ನೋಡುವುದು ಭಾವನ ಕೆಲಸ. ಎಲ್ಲಿಯೋ ಕಳಪೆ ಕೆಲಸ ಮಾಡಿ ಸಿಕ್ಕಿಬಿದ್ದವರ ಹೆಸರನ್ನು ಸರಕಾರ ಕಪ್ಪುಪಟ್ಟಿಗೆ ಹಾಕುತ್ತದೆ. ಪಟ್ಟಿಯಲ್ಲಿ ಇರುವಷ್ಟು ಕಾಲ ಅವರಿಗೆ ಈ ಹಣದ ಕೆಲಸ ಕೊಡಬಾರದು. ಬೇರೆಯವರಾದರೆ ಪಟ್ಟಿಯನ್ನು ಒಮ್ಮೆ ನೋಡಿ ಸಹಿ ಹಾಕುತ್ತಾರೆ. ಭಾವ ಟೆಂಡರು ತೆರೆದ ದಿನ ನೋಡುತ್ತಾರೆ, ಆದೇಶ ಕೊಡುವ ದಿನ ನೋಡುತ್ತಾರೆ, ಮಧ್ಯದಲ್ಲಿ ಮನಸ್ಸು ತಡೆಯದೆ ಇನ್ನೊಮ್ಮೆ ನೋಡುತ್ತಾರೆ. ಕಚೇರಿಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಹಿತ್ತಿಲಿನ ಕಲ್ಲುಬಂಡೆ ಹತ್ತಿ, ಒಂದು ಕೈಯಲ್ಲಿ ಫೋನು ಎತ್ತಿಹಿಡಿದು ನಿಂತರೆ ದೂರದಿಂದ ನೋಡಿದವರಿಗೆ ಯಾವುದೋ ಪುಢಾರಿಯ ಪ್ರತಿಮೆಯ ಹಾಗೆ ಕಾಣುತ್ತದೆ!

"ಮಾರಾಯ್ರೆ, ಇಳೀರಿ ಕೆಳಗೆ. ಅವ ನನ್ನ ಒಟ್ಟಿಗೆ ಶಾಲೆಗೆ ಹೋದವ. ಮೊನ್ನೆಯೇ ನೋಡಿದ್ರಲ್ಲ?" ಎಂದು ಅಧ್ಯಕ್ಷರು ಕೂಗಿದರೆ ಭಾವ ಬಂಡೆಯ ಮೇಲಿಂದಲೇ ಹೇಳುತ್ತಾರೆ: "ಮೊನ್ನೆ ಒಳ್ಳೆಯವ ಆಗಿದ್ದ, ಒಪ್ಪಿದೆ. ಇವತ್ತು?"

ಕಚೇರಿಯ ರೋಗ ಮನೆಗೆ ಬಾರದೆ ಇರುತ್ತದೆಯೇ? ನಮ್ಮ ಪಾಯಿಖಾನೆಯ ಗುಂಡಿ ಕಟ್ಟಲು ಕಬಕದ ಒಬ್ಬ ಮೇಸ್ತ್ರಿಯನ್ನು ಗಂಡ ಗೊತ್ತುಮಾಡಿದ್ದರು. ಅವನು ಮೊದಲು ಕಟ್ಟಿದ ಗುಂಡಿಯನ್ನು ನೋಡದೆ ಆಗದು ಎಂದು ಭಾವ ಹಟ ಹಿಡಿದರು. ಬಸ್ಸಿನಲ್ಲಿ ಹೋಗಿ, ಯಾರದೋ ಅಂಗಳ ದಾಟಿ, ಗುಂಡಿಯ ಮುಚ್ಚಳ ಎತ್ತಿ ಇಣುಕುತ್ತಿದ್ದಾಗ ಆ ಮನೆಯ ಅಜ್ಜಿ ಹೊರಗೆ ಬಂದರಂತೆ. ಬೊಬ್ಬೆ ಹಾಕಲಿಲ್ಲ. ತುಂಬಾ ಬೇಸರದಿಂದ, "ಕದೀಲಿಕ್ಕೆ ನಿಮಗೆ ಬೇರೆ ಎಂತದೂ ಸಿಗ್ಲಿಲ್ವಾ ಮಾರಾಯ್ರೆ?" ಎಂದರಂತೆ.

ಸತ್ಯನಾರಾಯಣ ಪೂಜೆಗೆ ಹೇಳಲು ಹೋದಾಗಲೂ ಹೀಗೇ. "ಭಟ್ರೆ, ಕಳೆದ ತಿಂಗಳು ಪೂಜೆ ಮಾಡಿದ ಮನೆಯವರ ನಂಬರ್ ಕೊಡಿ."

"ಎಂತಕ್ಕೆ?"

"ಫಲ ಸಿಕ್ಕಿದಾಂತ ಕೇಳ್ಳಿಕ್ಕೆ."

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನಮ್ಮ ಪುಣ್ಯ, ಭಟ್ಟರು ನಕ್ಕುಬಿಟ್ಟರು. "ಅವರಿಗೆ ಸಿಕ್ಕಿದೆ. ನಿಮಗೆ ಸಿಗುದು ಸ್ವಲ್ಪ ಕಷ್ಟ ಉಂಟು" ಎಂದರು.

ನಾನೂ ಹೀಗೆ ನಗುತ್ತಾ ಇದ್ದವಳೇ, ನಮ್ಮ ತೋಡಿನ ಸಂಕದ ಟೆಂಡರು ಬರುವವರೆಗೆ.

ಆ ಸಂಕದ ಕತೆ ಹೇಳದೆ ಮುಂದೆ ಹೋಗಲಾಗದು. ತೋಡು ಎಂದರೆ ಸಣ್ಣ ಹಳ್ಳ, ಸಂಕ ಎಂದರೆ ಅದನ್ನು ದಾಟುವ ಕಾಲುಸೇತುವೆ. ಹನ್ನೆರಡು ವರ್ಷದ ಹಿಂದೆ ನಮ್ಮ ತೋಡಿಗೆ ಪಂಚಾಯತಿಯವರು ಕಾಂಕ್ರೀಟಿನ ಸಂಕ ಕಟ್ಟಿಸಿದ್ದರು. ಕಟ್ಟಿದ ಎರಡನೇ ಮಳೆಗಾಲದಲ್ಲಿ, ನಾನು ಹಾಲಿನ ಡಿಪೋದಿಂದ ಬರುತ್ತಿದ್ದಾಗ, ಅದರ ಹಲಗೆ ಹಪ್ಪಳದ ಹಾಗೆ ಮುರಿಯಿತು. ಒಳಗೆ ಕಬ್ಬಿಣ ಇದ್ದರೆ ತಾನೇ! ಎಡಗಾಲು ತೊಡೆಯಲ್ಲಿ ತುಂಡಾಯಿತು. ಹೊಟ್ಟೆಯಲ್ಲಿ ಐದು ತಿಂಗಳಿನದಿತ್ತು, ಅದೂ ಹೋಯಿತು. ಪುತ್ತೂರಿನ ಆಸ್ಪತ್ರೆಯಲ್ಲಿ ಎರಡು ತಿಂಗಳು ಮಲಗಿ ಎದ್ದು ಬಂದೆ. ಈಗ ಒಂದು ಕಾಲು ಇನ್ನೊಂದಕ್ಕಿಂತ ಎರಡು ಬೆರಳು ಗಿಡ್ಡ. ಆದರೆ ಎರಡೂ ಕಾಲು ಉಂಟಲ್ಲ? ಮೊದಲೇ ಹುಟ್ಟಿದ ಮಗಳೊಬ್ಬಳು ಮನೆಯಲ್ಲಿದ್ದಳಲ್ಲ? ದೇವರು ತೆಗೆದುಕೊಂಡದ್ದನ್ನು ಎಣಿಸುತ್ತಾ ಕೂತರೆ ಬಿಟ್ಟುಹೋದದ್ದು ಕಾಣುವುದಿಲ್ಲ.

ಅಂದಿನಿಂದ ಅಲ್ಲಿ ಅಡಕೆ ಮರದ ಎರಡು ಕಾಂಡಗಳ ಮೇಲೆಯೇ ಎಲ್ಲರೂ ದಾಟುವುದು. ಆಚೆ ಮನೆಯ ಮಕ್ಕಳು ಬೆನ್ನಿಗೆ ಚೀಲ ಹಾಕಿಕೊಂಡು ಅದರ ಮೇಲೆ ಓಡುವಾಗ ನಾನು ಕಣ್ಣು ಮುಚ್ಚಿ ರಾಮನಾಮ ಹೇಳುತ್ತೇನೆ. ಈ ವರ್ಷ ಅಂತೂ ಹೊಸ ಸಂಕಕ್ಕೆ ಅನುದಾನ ಬಂತು.

ಟೆಂಡರು ಕರೆದ ವಾರವೇ ನನ್ನ ತಮ್ಮ ಬಂದ. ತವರಿನಲ್ಲಿ ಅಪ್ಪ ಅಮ್ಮ ಇಲ್ಲ. ನನಗೆ ತವರು ಎಂದರೆ ಈ ತಮ್ಮನೇ. ಕಬಕದ ಹತ್ತಿರ ಮನೆ, ಗುತ್ತಿಗೆ ಕೆಲಸ. ಎರಡು ವರ್ಷದ ಹಿಂದೆ ಬೇರೆ ಜಿಲ್ಲೆಯಲ್ಲಿ ಅವನು ಕಟ್ಟಿದ ಒಂದು ಶಾಲೆಯ ಕಂಪೌಂಡು ಮೊದಲ ಮಳೆಗೇ ಮಲಗಿತು. ಮಕ್ಕಳಿಗೆ ರಜೆ ಇತ್ತು, ದೇವರು ದೊಡ್ಡವನು. ತಮ್ಮನ ಹೆಸರು ಮಾತ್ರ ಮೂರು ವರ್ಷಕ್ಕೆ ಕಪ್ಪುಪಟ್ಟಿಗೆ ಹೋಯಿತು.

"ಅಕ್ಕಾ, ಈ ಸಂಕದ ಕೆಲಸಕ್ಕೆ ಹೆಂಡತಿಯ ಹೆಸರಲ್ಲಿ ಹಾಕಿದ್ದೇನೆ," ಎಂದ ಚಾ ಕುಡಿಯುತ್ತಾ. "ಅವಳ ಮದುವೆ ಮೊದಲಿನ ಹೆಸರು, ಇಚಿಲಂಪಾಡಿಯ ವಿಳಾಸ. ಯಾರಿಗೂ ಗೊತ್ತಾಗುದಿಲ್ಲ. ನಿನ್ನ ಭಾವ ಕೇಳಿದ್ರೆ ಬಾಯಿ ಬಿಡ್ಬೇಡ."

"ಕೆಲಸ ಚೆನ್ನಾಗಿ ಮಾಡ್ತಿಯಲ್ಲ?"

"ನಿನ್ನ ಮೇಲೆ ಆಣೆ. ಈ ಕೆಲಸ ಸಿಗದಿದ್ರೆ ನಾನು ಎದ್ದು ನಿಲ್ಲುದಿಲ್ಲ ಅಕ್ಕ."

ನಾನು ತಲೆಯಾಡಿಸಿದೆ. ತಮ್ಮನಲ್ಲವೇ? ಆಸ್ಪತ್ರೆಯಲ್ಲಿ ಎರಡು ತಿಂಗಳು ನನ್ನ ಮಂಚದ ಕೆಳಗೆ ಚಾಪೆ ಹಾಸಿ ಮಲಗಿದವನು ಅವನೇ.

ಒಂದು ಮೋರಿಯನ್ನೂ ಕಟ್ಟಿ ಗೊತ್ತಿಲ್ಲದ ಹೆಂಗಸು ಇಷ್ಟು ಕಡಿಮೆ ದರಕ್ಕೆ ಸಂಕ ಕಟ್ಟಲು ಹೊರಟದ್ದು ಹೇಗೆ ಎಂದು ಭಾವನಿಗೆ ಸಂಶಯ ಬಂತು. ಟೆಂಡರಿನ ವಾರವೇ ತಮ್ಮ ಬಂದುಹೋದದ್ದೂ ಅವರಿಗೆ ಗೊತ್ತಿತ್ತು. ಊಟಕ್ಕೆ ಕೂತಾಗ, "ನಿನ್ನ ತಮ್ಮನ ಹೆಂಡತಿಯ ತವರು ಎಲ್ಲಿ ಆಯ್ತು?" ಎಂದು ಕೇಳಿದರು.

"ನೆನಪಿಲ್ಲ ಭಾವ," ಎಂದೆ. ಅಂದು ಏಕಾದಶಿ ಬೇರೆ! ಉಪವಾಸದ ಬಾಯಲ್ಲಿ ಸುಳ್ಳು.

ಮರುದಿನವೂ ಕೇಳಿದರು. ಅದರ ಮರುದಿನವೂ. "ತಮ್ಮನ ಮದುವೆಗೆ ಎಂತ ಸೀರೆ ಉಟ್ಟದ್ದೂಂತ ಇವಳಿಗೆ ನೆನಪುಂಟು, ದಿಬ್ಬಣ ಎಲ್ಲಿಗೆ ಹೋದದ್ದೂಂತ ನೆನಪಿಲ್ವಂತೆ!" ಎಂದು ನನ್ನ ಗಂಡ ಏನೂ ತಿಳಿಯದೆ ನಕ್ಕರು.

ನಾಲ್ಕನೆಯ ದಿನ ಬೆಳಿಗ್ಗೆ ದೋಸೆ ಹಿಟ್ಟಿನ ಪಾತ್ರೆಯ ಮುಚ್ಚಳದ ಮೇಲೆ ಒಂದು ಕಾಗದ ಇತ್ತು. ಭಾವನ ದುಂಡು ಅಕ್ಷರ: "ವಿಷಯ: ತಮ್ಮ ಸಹೋದರನ ಪತ್ನಿಯ ತವರುಮನೆ ಕುರಿತು. ಮೂರು ಬಾರಿ ಮೌಖಿಕವಾಗಿ ವಿಚಾರಿಸಿದಾಗಲೂ ‘ನೆನಪಿಲ್ಲ’ ಎಂದು ತಿಳಿಸಿರುತ್ತೀರಿ. ಈ ನೋಟೀಸು ತಲುಪಿದ ಏಳು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು." ಮನೆಯ ನೋಟೀಸಿಗೆ ಕಚೇರಿಯ ಕಾಗದ ಬಳಸಬಾರದೆಂದು ಮಗಳ ಹಳೆಯ ನೋಟ್‌ಬುಕ್ಕಿನ ಹಾಳೆ ಹರಿದಿದ್ದರು. ಹಿಂಬದಿಯಲ್ಲಿ ಅವಳ ಗುಣಾಕಾರ ಇತ್ತು. ಅದೂ ತಪ್ಪು!

ನಗು ಬಂತು, ಆಮೇಲೆ ಸಿಟ್ಟು ಬಂತು. ಸೌಟು ಹಿಡಿದುಕೊಂಡೇ ಜಗಲಿಗೆ ಹೋದೆ. "ಭಾವ, ಒಂದು ಸಂಕಕ್ಕೆ ಇಷ್ಟು ಎಂತಕ್ಕೆ? ಊರಲ್ಲಿ ಯಾರೂ ಹೀಗೆ ಮಾಡುದಿಲ್ಲ."

ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಹಳೇ ಸಂಕದ ಕಡತಕ್ಕೆ ಸಹಿ ಹಾಕಿದ್ದು ನಾನು. ಆಗ ಇದೇ ಪಂಚಾಯತಿಯಲ್ಲಿ ಗುಮಾಸ್ತ ಆಗಿದ್ದೆ. ಎಲ್ಲರಿಗೂ ಗೊತ್ತಿದ್ದ ಗುತ್ತಿಗೆದಾರ, ಕಳೆದ ವರ್ಷ ನೋಡಿದ್ದೆವಲ್ಲಾಂತ ಪಟ್ಟಿ ನೋಡ್ಲಿಲ್ಲ. ನೀನು ಬಿದ್ದ ಮರುದಿನ ನೋಡಿದೆ. ಅವನ ಹೆಸರಿತ್ತು."

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೇವೆ. ಈ ಮಾತು ಕೇಳಿದ್ದು ಅಂದೇ ಮೊದಲು. ಸೌಟಿನಿಂದ ಹಿಟ್ಟು ಜಗಲಿಗೆ ತೊಟ್ಟಿಕ್ಕುತ್ತಿತ್ತು. ನಾನು ಒಳಗೆ ಹೋಗಿ ದೋಸೆ ಹುಯ್ದೆ. ಬೇರೆ ಏನು ಮಾಡಬೇಕಿತ್ತು? ಮನೆಯಲ್ಲಿ ಎಲ್ಲರಿಗೂ ಹಸಿವಾಗಿತ್ತು.

ಆರು ದಿನ ದೇವರ ಮುಂದೆ ಕೂತೆ. ದೇವರು ಒಂದೂ ಮಾತು ಆಡಲಿಲ್ಲ. ತಪ್ಪೇನಿಲ್ಲ, ನೋಟೀಸು ಬಂದದ್ದು ನನಗೆ ತಾನೇ! ಏಳನೆಯ ದಿನ ಶಾಲೆ ಬಿಡುವ ಹೊತ್ತಿಗೆ ತೋಡಿನ ಬದಿಗೆ ಹೋದೆ. ಆಚೆ ಮನೆಯ ಸಣ್ಣವಳು ಅಡಕೆ ಮರದ ಮಧ್ಯದಲ್ಲಿ ನಿಂತು, ಚಪ್ಪಲಿ ಕೈಯಲ್ಲಿ ಹಿಡಿದು, "ಅತ್ತೇ, ನೋಡಿ, ಒಂದೇ ಕಾಲಲ್ಲಿ!" ಎಂದು ಕೂಗಿದಳು. ನಾನು ಮನೆಗೆ ಬಂದು ಹೇಳಿಬಿಟ್ಟೆ.

"ಇಚಿಲಂಪಾಡಿ. ಟೆಂಡರು ಹಾಕಿದ್ದು ಅವಳಲ್ಲ, ತಮ್ಮ."

ಭಾವ ಏನು ಮಾಡಿದರು ಗೊತ್ತೇ? ಎದ್ದು ಹೋಗಿ ಅವರ ಕಪಾಟು ತೆರೆದರು. ಮನೆಗೆ ಬಂದ ಮದುವೆ ಕಾಗದಗಳನ್ನೆಲ್ಲ ವರ್ಷವಾರು ಕಟ್ಟಿ ಇಡುವ ಮನುಷ್ಯ ಅವರು. ಮೊದಲೇ ತೆಗೆದು ನೋಡಬಹುದಿತ್ತು, ನಾನಾಗಿ ಹೇಳಲಿ ಎಂದು ಕಾದದ್ದೋ ಏನೋ. ನನ್ನ ತಮ್ಮನ ಮದುವೆ ಕಾಗದ ಹುಡುಕಿ ತೆಗೆದು, ಹುಡುಗಿಯ ಹೆಸರು, ಅಪ್ಪನ ಹೆಸರು, ಮನೆ, ಊರು ಎಲ್ಲವನ್ನೂ ಟೆಂಡರಿನ ಪ್ರತಿಯ ಜೊತೆ ಬೆರಳಿಟ್ಟು ತಾಳೆ ನೋಡಿದರು.

ನಾನು ಆ ಕಾಗದದ ಮೇಲೆ ಕೈ ಅಡ್ಡ ಇಟ್ಟೆ. "ತವರನ್ನೇ ಕೈಯಾರೆ ಹೂತು ಬಂದು ಹೇಳಿದ್ದೇನೆ. ನನ್ನ ಮಾತು ಸಾಲ್ಲಿಲ್ವಾ ನಿಮಗೆ?"

"ಸಾಲ್ತದೆ," ಎಂದರು. "ಆದ್ರೆ ನಿನ್ನ ಮಾತಿನಿಂದ ತಿರಸ್ಕಾರ ಆದ್ರೆ ಅವ ನಿನಗೆ ಶಾಪ ಹಾಕ್ತಾನೆ. ಕಾಗದದಿಂದ ಆದ್ರೆ ನನಗೆ. ಕಡತದಲ್ಲಿ ನಿನ್ನ ಹೆಸರು ಎಲ್ಲಿಯೂ ಬರ್ಲಿಕ್ಕಿಲ್ಲ."

"ಮಾರ್ಚ್ ಕಳೆದ್ರೆ ಹಣ ವಾಪಸು ಹೋಗ್ತದೆ, ನಿಮಗೆ ಮರ್ಲಾ, ತಲೆ ಕೆಟ್ಟಿದಾ?" ಎಂದು ಅಧ್ಯಕ್ಷರು ಬೊಬ್ಬೆ ಹಾಕಿದರು. ಭಾವ ತಮ್ಮನ ಹೆಂಡತಿಗೂ ಕ್ರಮ ಪ್ರಕಾರ ನೋಟೀಸು ಕೊಟ್ಟು, ಉತ್ತರಕ್ಕೆ ಕಾದು, ಉತ್ತರ ಬಾರದೆ ಇದ್ದ ಮೇಲೆ ತಿರಸ್ಕರಿಸಿದರು. ಕೆಲಸ ಕಡಿಮೆ ದರದಲ್ಲಿ ಎರಡನೆಯವನಾಗಿದ್ದ ಗುತ್ತಿಗೆದಾರನಿಗೆ ಹೋಯಿತು. ಅವನ ಗ್ರಹಚಾರ! ಪ್ರತಿ ಕಬ್ಬಿಣದ ಸರಳಿಗೂ ಭಾವ ಟೇಪು ಹಿಡಿದರು.

ತಮ್ಮ ಫೋನು ಮಾಡಿ, "ಕಾಗದ ಅಂತೆ! ನೀನು ಹೇಳಿದ್ದೇ ಅಲ್ವಾ ಅಕ್ಕ?" ಎಂದು ಕೇಳಿದ. ಅಲ್ಲ ಎನ್ನಬಹುದಿತ್ತು. ಭಾವ ಅಷ್ಟು ಕಷ್ಟಪಟ್ಟು ನನ್ನನ್ನು ಮರೆಮಾಡಿದ್ದರು. ಆದರೆ ಅಂದೂ ಏಕಾದಶಿ.

"ಹೌದು," ಎಂದೆ.

"ಹಾಗಾದ್ರೆ ನನಗೆ ಅಕ್ಕ ಇಲ್ಲ."

ತಮ್ಮ ವಿಷು ಹಬ್ಬಕ್ಕೆ ಬರಲಿಲ್ಲ. ಮಗಳ ಹುಟ್ಟುಹಬ್ಬಕ್ಕೂ ಬರಲಿಲ್ಲ. ಮಳೆಗಾಲಕ್ಕೆ ಮೊದಲು ಸಂಕ ಆಯಿತು. ಭಾವ ಮೊದಲು ಹೋಗಿ ನಡುವಿನಲ್ಲಿ ಮೂರು ಸಲ ಹಾರಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಹಿಂದಿನಿಂದ ಕುಂಟುತ್ತಾ ದಾಟಿದೆ. ಗಟ್ಟಿಯಾಗಿದೆ. ಸುಳ್ಳು ಯಾಕೆ ಹೇಳಲಿ, ದಾಟುವಾಗ ಸಂತೋಷವೇನೂ ಆಗಲಿಲ್ಲ.

ಆಮೇಲೆ ಆಷಾಢದ ಆಟಿ ಅಮಾವಾಸ್ಯೆ ಬಂತು. ಆ ದಿನ ಬೆಳಿಗ್ಗೆ ಖಾಲಿ ಹೊಟ್ಟೆಗೆ ಪಾಲೆ ಮರದ ಕೆತ್ತೆಯ ಕಷಾಯ ಕುಡಿಯುವುದು ನಮ್ಮ ಕಡೆಯ ಕ್ರಮ. ಬೆಳಕು ಹರಿಯುವ ಮೊದಲೇ ಹೋಗಿ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು, ಕತ್ತಿ ತಾಗಿಸಬಾರದು. ಕತ್ತಲೆಯಲ್ಲಿ ಪಾಲೆ ಎಂದುಕೊಂಡು ಕಾಸರಕನ ಮರದ ತೊಗಟೆ ತಂದರೆ ಕುಡಿದವರು ಏಳುವುದಿಲ್ಲ, ಹಾಗೆ ಸತ್ತವರಿದ್ದಾರೆ. ಅದಕ್ಕೇ ತಿಳಿದವರು ಹಿಂದಿನ ದಿನ ಹಗಲಲ್ಲೇ ಹೋಗಿ ಮರ ಗುರುತಿಸಿ ಬಳ್ಳಿ ಕಟ್ಟಿ ಬರುವುದು. ನಮ್ಮ ಹತ್ತಿರದಲ್ಲಿ ಪಾಲೆ ಮರ ಇಲ್ಲ. ನಾನು ಮದುವೆಯಾಗಿ ಬಂದಂದಿನಿಂದ ಪ್ರತಿ ವರ್ಷ ಕೆತ್ತೆ ತರುವುದು ತಮ್ಮ. ಈ ವರ್ಷ ಇಲ್ಲ ಎಂದುಕೊಂಡು ಅಂಗಳ ಗುಡಿಸಲು ಹೊರಗೆ ಬಂದರೆ ಗೇಟಿನಲ್ಲಿ ಒಂದು ಬಟ್ಟೆಯ ಚೀಲ ತೂಗುತ್ತಿತ್ತು. ಬೈಕಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಯಿತು.

ಚೀಲದಲ್ಲಿ ಕೆತ್ತೆ ಇತ್ತು. ಪ್ರತಿ ವರ್ಷದ ಹಾಗೆ ಬೆಳ್ಳುಳ್ಳಿ, ಓಮ, ಕಾಳುಮೆಣಸಿನ ಪೊಟ್ಟಣವೂ.

ಅರೆದು, ಸೋಸಿ, ಕ್ರಮದಂತೆ ಬೆಣಚುಕಲ್ಲು ಕಾಯಿಸಿ ಕಷಾಯಕ್ಕೆ ಹಾಕಿದೆ. ಗಂಡ ಬಂದು ಪಾತ್ರೆ ನೋಡಿ, "ಸಿಟ್ಟಲ್ಲಿ ತಂದದ್ದು. ಕತ್ತಲೆಗೆ ಯಾವ ಮರವೋ ಎಂತ ಕತೆಯೋ, ಚೆಲ್ಲು," ಎಂದರು. ಛೆ, ತಮ್ಮನ ಬಗ್ಗೆ ಹೀಗೆ ಹೇಳುವುದೇ ಎಂದುಕೊಂಡೆ. ಆದರೆ ನನ್ನ ಕೈಯೂ ಒಂದು ಕ್ಷಣ ನಿಂತಿತು. ದೇವರು ನನ್ನನ್ನು ಕ್ಷಮಿಸಲಿ.

ಭಾವ ಸ್ನಾನ ಮುಗಿಸಿ ಅಡುಗೆಮನೆಗೆ ಬಂದರು. ನಾನು ಪ್ರಶ್ನೆಗಳಿಗೆ ಕಾದೆ. ನಿನ್ನೆ ಮರ ಗುರುತಿಸಿದ್ದು ಯಾರು? ಬಳ್ಳಿ ಕಟ್ಟಿದ್ದುಂಟಾ? ಸಾಕ್ಷಿ ಯಾರು? ತಂದವನ ಹೆಸರು ಪಟ್ಟಿಯಲ್ಲಿ ಉಂಟಲ್ಲ?

ಅವರು ಒಂದು ಮಾತೂ ಕೇಳಲಿಲ್ಲ. ಲೋಟದ ತುಂಬ ಕಷಾಯ ಬಗ್ಗಿಸಿಕೊಂಡು, ಒಂದೇ ಗುಟುಕಿಗೆ ಕುಡಿದರು. ಮುಖ ಹಿಂಡಿತು.

"ಭಾವ, ಯಾವ ಮರಾಂತ ಕೇಳ್ಲಿಲ್ವಲ್ಲ!"

"ಸಂಕ ಬೇರೆ, ಅಕ್ಕ ಬೇರೆ ಮಾರಾಯ್ತಿ," ಎಂದರು ಬಾಯಿ ಒರೆಸುತ್ತಾ. "ಇದರಲ್ಲಿ ಅವ ತಪ್ಪುದಿಲ್ಲ."

ನನ್ನ ಕಣ್ಣು ತುಂಬಿ ಬಂತು. ನನ್ನ ಲೋಟ ಎತ್ತಿಕೊಂಡೆ. ಭಾವ ಅದರ ಬಾಯಿಗೆ ಅಂಗೈ ಅಡ್ಡ ಇಟ್ಟರು.

"ಆದ್ರೂ ನೀನು ಅರ್ಧ ಗಂಟೆ ಬಿಟ್ಟು ಕುಡಿ."

ಹಾಗೆಂದು ಒಲೆಯ ಎದುರಿನ ಮಣೆಯಲ್ಲಿ ಕೂತರು. ನಾನೂ ಗಿಡ್ಡಕಾಲು ಚಾಚಿ ನೆಲದಲ್ಲಿ ಕೂತೆ. ಗೋಡೆಯಲ್ಲಿ ಗಡಿಯಾರ ಇತ್ತು. ಅರ್ಧ ಗಂಟೆ ಭಾವ ಗಡಿಯಾರವನ್ನು ನೋಡುತ್ತಾ ಇದ್ದರು, ನಾನು ಭಾವನ ಮುಖವನ್ನು.