ಕೊನೇ ಬೆಂಚಿನ ಕನ್ನಡಕ

ಗಂಟಲು ಕೈಕೊಡುವುದಕ್ಕೂ ಒಂದು ಹೊತ್ತುಗೊತ್ತು ಬೇಡವೇ? ವಿಜ್ಞಾನದ ಮೇಷ್ಟ್ರ ಗಂಟಲು ಸರಿಯಾಗಿ ಇನ್‌ಸ್ಪೆಕ್ಟರು ಬರುವ ದಿನವೇ ಕೈಕೊಟ್ಟಿತು. ಮೇಷ್ಟ್ರು ತಾತ್ಕಾಲಿಕ ಕೆಲಸದಲ್ಲೇ ತಲೆಗೂದಲೆಲ್ಲ ಉದುರಿಸಿಕೊಂಡವರು. ಇವತ್ತಿನ ಪಾಠ ಮೆಚ್ಚುಗೆಯಾದರೆ ಕೆಲಸ ಕಾಯಂ, ಇಲ್ಲವಾದರೆ ಮನೆ. ಅದಕ್ಕೇ ವಾರವಿಡೀ ಬಚ್ಚಲಲ್ಲಿ ನಿಂತು ಜೀರ್ಣಕ್ರಿಯೆಯ ಪಾಠವನ್ನು ಕಿರುಚಿ ಕಿರುಚಿ ಅಭ್ಯಾಸ ಮಾಡಿದ್ದರು. ಈಗ ಬಾಯಿ ತೆರೆದರೆ ತುಕ್ಕು ಹಿಡಿದ ಗೇಟಿನ ಸದ್ದು!

"ಈ ಸಲನೂ ಕಾಯಂ ಆಗ್ಲಿಲ್ಲ ಅಂದ್ರೆ ನನ್ನ ತಮ್ಮನ ಪಾತ್ರೆ ಅಂಗಡೀಲಿ ಕೂತ್ಕೊಳ್ಳಿ," ಎಂದಳು ಹೆಂಡತಿ, ಬಿಸಿನೀರು ಕೈಗಿಡುತ್ತಾ. ಭಾವಮೈದುನನ ಕೈಕೆಳಗೆ ಕೂರುವುದಕ್ಕಿಂತ ಬಾವಿಗೆ ಬೀಳುವುದು ಮೇಲು ಎನ್ನಬೇಕೆನಿಸಿತು ಮೇಷ್ಟ್ರಿಗೆ. ಎನ್ನಲು ಗಂಟಲಿರಲಿಲ್ಲ.

ಸ್ಟಾಫ್‌ರೂಮಿನಲ್ಲಿ ಕಂಪ್ಯೂಟರ್ ಮೇಡಂ ಕಾದೇ ಕೂತಿದ್ದರು. ಶಾಲೆಯಲ್ಲಿ ಅವರಿಗೆ ಟಿಪ್ಸ್ ಮೇಡಂ ಎಂದೇ ಹೆಸರು. ಯಾರಿಗಾದರೂ ಸಲಹೆ ಕೊಡದಿದ್ದರೆ ಆಕೆಗೆ ಊಟ ಸೇರದು.

"ಗಂಟಲು ಹೋದ್ರೆ ಹೋಗ್ಲಿ ಬಿಡಿ ಸಾರ್. ವರ್ಷದಿಂದ ನಿಮ್ಮ ಪಾಠ ಎಲ್ಲಾ ಕೊನೇ ಬೆಂಚಿಂದ ರೆಕಾರ್ಡ್ ಮಾಡಿಟ್ಟಿದೀನಲ್ಲ, ಜೀರ್ಣಕ್ರಿಯೆನೂ ಇದೆ. ಪರದೆ ಮೇಲೆ ಹಾಕ್ಬಿಡಿ. ಇನ್‌ಸ್ಪೆಕ್ಟರಿಗೆ ಟೆಕ್ನಾಲಜಿ ಅಂದ್ರೆ ಪ್ರಾಣ."

"ಪೂರ್ತಿ ನೋಡಿದೀರಾ?" ಮೇಷ್ಟ್ರು ಪಿಸುಗುಟ್ಟಿದರು.

"ಅಯ್ಯೋ, ನಿಮ್ಮ ಪಾಠಾನ ಯಾರು ಸಾರ್ ಪೂರ್ತಿ ನೋಡ್ತಾರೆ?"

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಮೇಷ್ಟ್ರು ಒಪ್ಪಿದರು.

ಇನ್‌ಸ್ಪೆಕ್ಟರು ಬಂದರು. ದಪ್ಪ ಕನ್ನಡಕ, ಬಾಯಲ್ಲೊಂದು ಪೆಪ್ಪರ್‌ಮಿಂಟು. ನೇರ ಹೋಗಿ ಕೊನೆಯ ಬೆಂಚಿನಲ್ಲಿ ಕೂತರು. ಪರದೆಯ ಮೇಲೆ ಮೇಷ್ಟ್ರು ಗಟ್ಟಿ ಗಂಟಲಲ್ಲಿ ಪಾಠ ಶುರುಮಾಡಿದರು, ನಿಜವಾದ ಮೇಷ್ಟ್ರು ಮೂಲೆಯಲ್ಲಿ ಕೈಕಟ್ಟಿ ನಿಂತರು. ಅನ್ನನಾಳ ದಾಟುವಷ್ಟರಲ್ಲಿ ಇನ್‌ಸ್ಪೆಕ್ಟರು ತೂಕಡಿಸತೊಡಗಿದರು. ಸದ್ಯ, ಮಲಗಿದವರು ತಪ್ಪು ಹುಡುಕುವುದಿಲ್ಲ ಎಂದು ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಪರದೆಯ ಮೇಷ್ಟ್ರು ಪಾಠ ನಿಲ್ಲಿಸಿ, ಕೊನೆಯ ಬೆಂಚನ್ನೇ ದುರುಗುಟ್ಟಿ ನೋಡಿದರು.

"ಏಯ್, ಕೊನೇ ಬೆಂಚಿನ ಕನ್ನಡಕ! ನಿದ್ದೆ ಹೊಡೀತೀಯಾ? ಎದ್ದು ನಿಲ್ಲೋ!"

ಇನ್‌ಸ್ಪೆಕ್ಟರು ದಡಕ್ಕನೆ ಎದ್ದು ನಿಂತರು. ಅಂದು ಯಾವನೋ ಹುಡುಗನನ್ನು ಗದರಿದ್ದು ಈಗ ನೆನಪಾಗಿ ಮೇಷ್ಟ್ರು ರಿಮೋಟಿಗೆ ಹಾರಿ ಸಿಕ್ಕಿದ ಗುಂಡಿ ಒತ್ತಿದರು. ದನಿ ಇನ್ನಷ್ಟು ಜೋರಾಯಿತು.

"ಬಾಯಲ್ಲೇನೋ ಅದು? ಉಗುಳು ಮೊದ್ಲು!"

ಇನ್‌ಸ್ಪೆಕ್ಟರು ಪೆಪ್ಪರ್‌ಮಿಂಟನ್ನು ಅಂಗೈಗೆ ಉಗುಳಿದರು.

"ಹೇಳು, ಜೀರ್ಣಕ್ರಿಯೆ ಎಲ್ಲಿ ಶುರುವಾಗುತ್ತೆ?"

"ಬಾಯಲ್ಲಿ ಸಾರ್!"

"ಹೊಟ್ಟೇಲಂತೆ ಹೊಟ್ಟೇಲಿ! ದಡ್ಡ ಶಿಖಾಮಣಿ! ನಡಿ ಆಚೆ!"

ಸರಿಯುತ್ತರ ಕೊಟ್ಟ ಇನ್‌ಸ್ಪೆಕ್ಟರು ತಲೆ ತಗ್ಗಿಸಿಕೊಂಡು ಆಚೆ ನಡೆದರು. ಮಕ್ಕಳು ಬೆಂಚು ಬಡಿದು ನಕ್ಕರು. ಮೇಷ್ಟ್ರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹೆಡ್‌ಮೇಡಂ ಕೋಣೆಯಿಂದ ಕರೆ ಬಂದಾಗ ಅವರು ಎಲ್ಲ ಆಸೆಯನ್ನೂ ಬಿಟ್ಟಿದ್ದರು. ಆದರೆ ಒಳಗೆ ನೋಡಿದರೆ ಇನ್‌ಸ್ಪೆಕ್ಟರ ಮುಖ ಅರಳಿತ್ತು.

"ಬನ್ರೀ, ಬನ್ನಿ! ಎಷ್ಟೋ ಶಾಲೆ ಸುತ್ತಿದೀನಿ, ಎಲ್ಲಾ ಕಡೆ ನಿದ್ದೆ ಮಾಡಿದೀನಿ. ನನ್ನನ್ನ ಎಬ್ಬಿಸಿ ನಿಲ್ಲಿಸಿದ ಪಾಠ ಇದೊಂದೇ. ಕಾಯಂ ಮಾಡ್ಬಿಡೋಣ ಮೇಡಂ!"

ಮೇಷ್ಟ್ರ ಕಣ್ಣು ತುಂಬಿ ಬಂತು. ಕೈಮುಗಿದರು.

"ವರ್ಷದ ಪಾಠ ಅಷ್ಟೂ ರೆಕಾರ್ಡ್ ಆಗಿದೆಯಂತೆ," ಇನ್‌ಸ್ಪೆಕ್ಟರು ಮುಂದುವರಿಸಿದರು. "ಇನ್ಮೇಲೆ ವಿಜ್ಞಾನಕ್ಕೆ ಈ ವಿಡಿಯೊಗಳೇ ಕಾಯಂ. ಇದರ ಮೇಲೆ ಮೇಷ್ಟ್ರು ಬೇರೆ ಯಾಕೆ, ದಂಡ!"

ಮೇಷ್ಟ್ರು ಬಾಯಿ ತೆರೆದರು. ಬರೀ ಗಾಳಿ ಬಂತು.

"ನೋಡಿ, ಎದುರು ಮಾತೇ ಇಲ್ಲ! ಎಂಥಾ ದೊಡ್ಡ ಮನಸ್ಸು," ಎಂದು ಇನ್‌ಸ್ಪೆಕ್ಟರು ಅವರ ಬೆನ್ನು ತಟ್ಟಿದರು.

ಹೆಡ್‌ಮೇಡಂ ರಿಮೋಟನ್ನು ಮುಂದೆ ಚಾಚಿದರು.

"ಹೊರಡೋಕೆ ಮೊದ್ಲು, ನಿಮ್ಮನ್ನ ಆನ್ ಮಾಡೋದು ಹೇಗೆ ಅಂತ ಒಂದ್ಸಲ ತೋರಿಸ್ಬಿಡಿ ಮೇಷ್ಟ್ರೇ."