ಎಂಟನೇ ತರಗತಿ ‘ಬಿ’ ವಿಭಾಗದ ಹುಡುಗಿಯರು

1997ನೇ ಇಸವಿ ನವೆಂಬರ್ 9, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಬರೆಯಲು ಕೂತಿದ್ದೇನೆ.

ನನ್ನ ಸೋದರಮಾವ ಮಳೆಗೆ ಹಾಜರಿ ಕರೆಯುತ್ತಾರೆ. ನೀವು ತಪ್ಪು ಓದಲಿಲ್ಲ. ಮಕ್ಕಳಿಗೆ ಕರೆಯುವ ಹಾಗೆಯೇ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಹೆಸರು ಹಿಡಿದು ಕರೆಯುತ್ತಾರೆ. ಬಾರದ ಮಳೆಯನ್ನು ಬೆಂಚಿನ ಮೇಲೆ ನಿಲ್ಲಿಸಿಲ್ಲ, ಅಷ್ಟೇ. ಅದೂ ಕೈಗೆ ಸಿಕ್ಕಿಲ್ಲವೆಂಬ ಒಂದೇ ಕಾರಣಕ್ಕೆ!

ಮಾವ ಸೊರಬದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಾನು ಶಿಕಾರಿಪುರದವಳು, ಹೋದ ವರ್ಷ ಒಂಬತ್ತನೇ ತರಗತಿಗೆ ಅವರ ಮನೆಗೆ ಬಂದು ಅವರದೇ ಶಾಲೆ ಸೇರಿದೆ. ದಿನಚರಿ ಬರೆಯುವ ಚಟ ಮೊದಲೇ ಇತ್ತು. ಮಾವನ ಮನೆಗೆ ಬಂದ ಮೂರನೇ ದಿನ ಅದರಲ್ಲಿ ಹೊಸದೊಂದು ಕಾಲಂ ಎಳೆದೆ: ‘ಹೌಹಾರಿದ್ದು’. ನಿನ್ನೆಯವರೆಗೆ ಅರವತ್ತೆರಡು ಸಲ ಹೌಹಾರಿದ್ದೇನೆ. ಎರಡು ಸಲ ಹಾವು ಕಂಡು, ಒಂದು ಸಲ ಗಣಿತದ ಪ್ರಶ್ನೆಪತ್ರಿಕೆ ಕಂಡು. ಉಳಿದ ಐವತ್ತೊಂಬತ್ತಕ್ಕೂ ಮಾವನೇ ಕಾರಣ.

ಭೂಮಿ ಬಿಸಿಯಾಗುತ್ತಿದೆ, ವಾಯುಗುಣ ಬದಲಾಗುತ್ತಿದೆ ಎಂಬುದರ ಬಗ್ಗೆ ನಮ್ಮ ಪುಸ್ತಕದಲ್ಲಿ ಇರುವುದು ಒಂದೂವರೆ ಸಾಲು. ಬೇರೆ ಮೇಷ್ಟ್ರಾದರೆ ಅದನ್ನು ಅರ್ಧ ನಿಮಿಷದಲ್ಲಿ ದಾಟುತ್ತಿದ್ದರು. ಮಾವ ಆ ಒಂದೂವರೆ ಸಾಲನ್ನು ವರ್ಷವಿಡೀ ಕಲಿಸುತ್ತಾರೆ.

1996ರ ಜುಲೈ 9, ಮಂಗಳವಾರ, ಮೂರನೇ ಪಿರಿಯಡ್. ವಾಯುಗುಣ ಎಂದರೇನು ಎಂದು ಮಾವ ಕೇಳಿದರು. ಹಿಂದಿನ ಬೆಂಚಿನವನೊಬ್ಬ ಎದ್ದು, “ಹೊಟ್ಟೆ ಉಬ್ಬರಿಸೋದು ಸಾರ್. ಶುಂಠಿ ಕಷಾಯ ಕುಡಿದ್ರೆ ಹೋಗ್ತದೆ” ಎಂದ. ನಾವೆಲ್ಲ ಬೆತ್ತದ ಕಡೆ ನೋಡಿದೆವು. ಮಾವನ ಮುಖ ಮಾತ್ರ ಅರಳಿತು! ಹುಡುಗ ಸರಿಯಾಗಿಯೇ ಹೇಳಿದ್ದಾನೆ, ಭೂಮಿಗೂ ಅದೇ ಆಗಿರುವುದು, ಕಲ್ಲಿದ್ದಲು ಪೆಟ್ರೋಲು ಎಲ್ಲ ಅತಿಯಾಗಿ ತಿನ್ನಿಸಿದ್ದೇವೆ, ಈಗ ಕಾವು ಹೊರಗೆ ಹೋಗಲಾರದೆ ಒದ್ದಾಡುತ್ತಿದೆ ಎಂದು ನಲವತ್ತು ನಿಮಿಷ ಭೂಮಿಯ ಅಜೀರ್ಣ ವಿವರಿಸಿದರು. ಮರುದಿನ ಅವರ ಮೇಜಿನ ಮೇಲೆ ಹದಿನಾಲ್ಕು ತುಂಡು ಶುಂಠಿ ಇದ್ದವು. ಒಂದರ ಜೊತೆ ಯಾರದೋ ತಾಯಿಯ ಚೀಟಿ: ‘ಭೂಮಿಗಲ್ಲ, ಮೇಷ್ಟ್ರಿಗೆ.’

1997ರ ಮಾರ್ಚ್ 15, ಶನಿವಾರ, ಮಧ್ಯಾಹ್ನ ಹನ್ನೆರಡೂವರೆ. ಹಸಿರುಮನೆ ಪರಿಣಾಮ ತೋರಿಸುತ್ತೇನೆಂದು ನಮ್ಮ ಇಪ್ಪತ್ತಾರು ಜನರನ್ನು ಸೊರಬದ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದರು. ಬಿಸಿಲಿನಲ್ಲಿ ನಿಂತಿದ್ದ ಶಿರಾಳಕೊಪ್ಪದ ಬಸ್ಸಿಗೆ ನಮ್ಮನ್ನು ಹತ್ತಿಸಿ, ಕಿಟಕಿಯ ಗಾಜುಗಳನ್ನೆಲ್ಲ ಎಳೆಸಿ, ಬಾಗಿಲು ಹಾಕಿ, ಥರ್ಮಾಮೀಟರ್ ಹಿಡಿದು ನಿಂತರು. ಬಿಸಿಲು ಗಾಜಿನೊಳಗೆ ಬರುತ್ತದೆ, ಕಾವು ಹೊರಗೆ ಹೋಗುವುದಿಲ್ಲ, ಗಮನಿಸಿ ಎಂದರು. ಗಮನಿಸದೆ ಇರುವುದಾದರೂ ಹೇಗೆ? ಬೆವರು ಕಣ್ಣಿಗೇ ಇಳಿಯುತ್ತಿತ್ತು. ಮುಂದಿನ ಸೀಟಿನಲ್ಲಿ ಕೊತ್ತಂಬರಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಸಂತೆಗೆ ಹೊರಟ ಹೆಂಗಸೊಬ್ಬರಿದ್ದರು.

“ಸೊಪ್ಪು ಬಾಡ್ತದೆ, ಕಿಟಕಿ ತೆಗೀರಿ ಮಾರಾಯ್ರೆ.”

“ಭೂಮಿಗೆ ಕಿಟಕಿ ಇಲ್ಲ ತಾಯಿ.”

“ಬಸ್ಸಿಗೆ ಉಂಟಲ್ಲ, ತೆಗೀರಿ.”

ಮಾವ ತೆಗೆದರು. ಪ್ರಯೋಗ ಏಳು ನಿಮಿಷಕ್ಕೆ ಮುಗಿಯಿತು. ಆ ಹೆಂಗಸಿಗೆ ಪಾಠ ಪೂರ್ತಿ ಅರ್ಥವಾಗಿದೆ, ನಿಮಗೇ ಆಗಿಲ್ಲ ಎಂದು ದಾರಿಯುದ್ದಕ್ಕೂ ನಮ್ಮನ್ನು ಬೈದರು!

ಇವೆಲ್ಲ ಸಣ್ಣವು. ದೊಡ್ಡದು ‘ಬಿ’ ವಿಭಾಗ. ನಮ್ಮ ಶಾಲೆಯ ಎಂಟನೇ ತರಗತಿಗೆ ಇರುವುದು ಒಂದೇ ವಿಭಾಗ. ಮಾವ ಮಾತ್ರ ಒಂದು ಹಾಜರಿ ಪುಸ್ತಕದ ಮೇಲೆ ‘ಎಂಟನೇ ತರಗತಿ, ಬಿ’ ಎಂದು ಬರೆದು, ಒಳಗೆ ಮಳೆ ನಕ್ಷತ್ರಗಳನ್ನು ಸೇರಿಸಿಕೊಂಡಿದ್ದರು. ರೋಹಿಣಿಯಿಂದ ಸ್ವಾತಿಯವರೆಗೆ ಹನ್ನೆರಡು. ನಮ್ಮ ಕಡೆ ಬಿತ್ತನೆ, ನಾಟಿ ಎಲ್ಲ ಈ ಮಳೆಗಳ ಲೆಕ್ಕದಲ್ಲೇ ನಡೆಯುವುದು. ಒಂದೊಂದರ ಪಾಳಿ ಸುಮಾರು ಹದಿನಾಲ್ಕು ದಿನ. ಆ ಪಾಳಿಯಲ್ಲಿ ಮಾವ ದಿನಾ ಎಂಟನೇ ತರಗತಿಗೆ ಹೋಗಿ “ಆರಿದ್ರಾ” ಎಂದು ಕರೆಯುವರು. ಹೆಂಚಿನ ಮೇಲೆ ಸದ್ದಿದ್ದರೆ ಮಕ್ಕಳೆಲ್ಲ ಸೇರಿ “ಎಸ್ ಸಾರ್”. ಸದ್ದಿಲ್ಲದಿದ್ದರೆ ಗೈರು. ಒಬ್ಬಳು ಒಂದು ದಿನ ಚಕ್ಕರ್ ಹೊಡೆದರೆ ಅದು ಹವಾಮಾನ. ಇಡೀ ತರಗತಿ ಮೂವತ್ತು ವರ್ಷ ಹೇಗೆ ಬಂತು ಎಂಬುದು ವಾಯುಗುಣ. ಆ ರೀತಿಯೇ ಬದಲಾದರೆ ಆಗ ಭಯಪಡಬೇಕು ಎಂದು ಹೇಳಿಕೊಟ್ಟಿದ್ದರು. ಆ ಮೂವತ್ತರಲ್ಲಿ ಮೂರು ವರ್ಷದ ಹಾಜರಿ ಆಗಿತ್ತು.

ಸೆಪ್ಟೆಂಬರ್ 23, ಮಂಗಳವಾರ, ಹನ್ನೊಂದು ಗಂಟೆಗೆ ಶಾಲೆಯ ತಪಾಸಣೆಗೆ ಅಧಿಕಾರಿಯೊಬ್ಬರು ಬಂದರು. ಹೊಸಬರು, ರಾಜ್ಯದ ಉತ್ತರದ ಕಡೆಯವರು. ಅವರ ಕೈಗೆ ಸಿಕ್ಕಿದ್ದು ಆ ಪುಸ್ತಕವೇ. ನೋಟ್ ಬುಕ್ಕುಗಳನ್ನು ಹೊತ್ತು ತಂದ ನಾನು ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತುಬಿಟ್ಟೆ.

“ಏನ್ರೀ ಮೇಷ್ಟ್ರ, ಈ ರೋಹಿಣಿ ಒಂದು ದಿನಾನೂ ಬಂದಿಲ್ಲಲ್ರೀ?”

“ಈ ವರ್ಷ ಮುಖಾನೇ ತೋರಿಸಲಿಲ್ಲ ಸಾರ್.”

“ಸ್ವಾತಿ?”

“ದೀಪಾವಳಿ ಹೊತ್ತಿಗೆ ಬರಬೇಕು.”

“ಜೂನ್‌ನಾಗ ಸಾಲಿ ಸುರುವಾದ್ರ ಈಕಿ ದೀಪಾವಳಿಗೆ ಬರ್ತಾಳೇನು? ಯಾವ ಕಡೆಯವರ್ರೀ ಇವರು?”

“ಅರಬ್ಬೀ ಸಮುದ್ರದ ಕಡೆಯವರು ಸಾರ್. ಘಟ್ಟ ಹತ್ತಿ ಬರಬೇಕಲ್ಲ, ತಡ ಆಗ್ತದೆ.”

“ಎಲ್ಲಿ ಕುಂಡ್ರಸ್ತೀರಿ ಇವರನ್ನ?”

“ಹೊರಗೆ, ಬಯಲಲ್ಲಿ. ಒಳಗೆ ಬಂದರೆ ಬಕೆಟ್ ಇಡ್ತೀವಿ.”

ಮಾವ ತಮಾಷೆ ಮಾಡುತ್ತಿರಲಿಲ್ಲ. ಹೆಡ್ ಮಾಸ್ಟರು ಎಲ್ಲ ಹೇಳಿರುತ್ತಾರೆ ಎಂದೇ ತಿಳಿದಿದ್ದರು. ಅಧಿಕಾರಿ ಬೆವರೊರೆಸಿಕೊಂಡು, ಏನೋ ಬರೆದುಕೊಂಡು, ಚಹಾ ಕುಡಿಯದೆ ಹೊರಟುಹೋದರು.

ಅಕ್ಟೋಬರ್ 17ರ ಶುಕ್ರವಾರ ನೋಟಿಸ್ ಬಂತು. ಇಲ್ಲದ ಹದಿಮೂರು ವಿದ್ಯಾರ್ಥಿನಿಯರ ಹೆಸರನ್ನು ಹಾಜರಿಯಲ್ಲಿ ತೋರಿಸಿದ್ದಕ್ಕೆ ನಿಮ್ಮನ್ನು ಜಿಲ್ಲೆಯಿಂದಾಚೆ ಏಕೆ ವರ್ಗ ಮಾಡಬಾರದು? ಓದಿ ‘ಹೌಹಾರಿದ್ದು’ ಕಾಲಂಗೆ ಇನ್ನೊಂದು ಸೇರಿಸಿದೆ. ಹೆಡ್ ಮಾಸ್ಟರು ಅಷ್ಟು ಹೊತ್ತಿಗೆ ಅಧಿಕಾರಿಯ ಬಳಿ ಹೋಗಿ ಮಳೆಯ ವಿಷಯ ವಿವರಿಸಿ ಬಂದಿದ್ದರು. ಅಧಿಕಾರಿ ಮೊದಲು ನಂಬದೆ, ಆಮೇಲೆ ನಕ್ಕು, ಕೆಂಪು ಶಾಯಿಯಲ್ಲಿ ಎಲ್ಲ ಹೆಸರು ಹೊಡೆದುಹಾಕಿ ಸಹಿ ಮಾಡಿದರೆ ಕಡತ ಮುಚ್ಚುತ್ತೇನೆ ಎಂದಿದ್ದರಂತೆ. ಐದು ನಿಮಿಷದ ಕೆಲಸ.

ಆದರೆ ನನಗೆ ಆ ಹದಿಮೂರು ಎಂಬ ಸಂಖ್ಯೆ ಚುಚ್ಚಿತು. ಮಳೆ ಹನ್ನೆರಡೇ ಅಲ್ಲವೇ? ಅಧಿಕಾರಿಗೆ ಎಣಿಸಲು ಬರುವುದಿಲ್ಲ ಎಂದು ಸಂತೋಷಪಟ್ಟು, ಪುಸ್ತಕ ತೆಗೆದು ಎರಡು ಸಲ ಎಣಿಸಿದೆ. ಹದಿಮೂರೇ ಇತ್ತು! ಪುಷ್ಯ ಎಂಬ ಮಳೆಯ ಹೆಸರು ಎರಡು ಕಡೆ. ಆರನೇ ಸಾಲಿನಲ್ಲಿ ಒಮ್ಮೆ, ಎಲ್ಲಕ್ಕಿಂತ ಮೇಲೆ, ಒಂದನೇ ನಂಬರಿನಲ್ಲಿ ಇನ್ನೊಮ್ಮೆ. ಅಲ್ಲಿ ಒತ್ತಕ್ಷರವೂ ತಪ್ಪು, ‘ಪುಷ್ಪ’ ಎಂದಾಗಿತ್ತು.

“ಮಾವ, ಇಲ್ಲಿ ನೀವೇ ತಪ್ಪು ಬರೆದಿದ್ದೀರಿ” ಎಂದೆ.

ಮಾವ ಕನ್ನಡಕ ತೆಗೆದು ಆ ಹೆಸರಿನ ಮೇಲೆ ಬೆರಳಿಟ್ಟರು. ಆಗ ಎಷ್ಟು ಗಂಟೆ ಎಂದು ದಿನಚರಿಯಲ್ಲಿ ಬರೆದಿಲ್ಲ. ಗಡಿಯಾರ ನೋಡಲು ಮರೆತೆ.

“ಅದು ಮಳೆ ಅಲ್ಲ ಕಣೇ.”

ಚಂದ್ರಗುತ್ತಿ ಕಡೆಯ ಹುಡುಗಿಯಂತೆ. ಮೂರು ವರ್ಷದ ಹಿಂದೆ ಎಂಟನೇ ತರಗತಿಯಲ್ಲಿದ್ದಳು. ಒಂದು ದಿನ ಎದ್ದು, ನಮ್ಮಜ್ಜಿಯ ಮಳೆ ಲೆಕ್ಕ ಈಚೆಗೆ ಯಾಕೆ ತಪ್ಪುತ್ತಿದೆ ಸಾರ್ ಎಂದು ಕೇಳಿದಳಂತೆ. ಮಾವನಿಗೆ ಉತ್ತರ ಗೊತ್ತಿರಲಿಲ್ಲ.

“ಗೊತ್ತಿಲ್ಲ ಅನ್ನಬಹುದಿತ್ತು. ಸಿಲಬಸ್ಸಿನಲ್ಲಿಲ್ಲ, ಕೂತ್ಕೋ ಅಂದೆ. ಎಲ್ಲರೂ ನಕ್ಕರು. ಮಾರನೇ ವಾರದಿಂದ ಅವಳು ಬರಲಿಲ್ಲ.”

ಮನೆ ಹುಡುಕಿಕೊಂಡು ಹೋದಾಗ ಬೀಗ ಹಾಕಿತ್ತಂತೆ. ಕೆಲಸ ಹುಡುಕಿಕೊಂಡು ಎಲ್ಲಿಗೋ ಹೋದರು ಎಂದರು ನೆರೆಯವರು. ಮಾವನ ಮಾತಿಗೂ ಅವಳು ಹೋದದ್ದಕ್ಕೂ ಸಂಬಂಧವಿಲ್ಲದೆ ಇರಬಹುದು. ನಾನು ಹಾಗೆಂದೆ. ಮಾವ ಒಪ್ಪಲಿಲ್ಲ.

ಅಕ್ಟೋಬರ್ 20ರ ಸೋಮವಾರ ಮಾವ ಸ್ಕೇಲ್ ಇಟ್ಟು ಹನ್ನೆರಡು ಕೆಂಪು ಗೆರೆ ಎಳೆದರು. ಮಳೆಗೆ ನಮ್ಮ ಪುಸ್ತಕ ಬೇಡ, ಬರುವುದಿದ್ದರೆ ಬರುತ್ತದೆ ಎಂದರು. ಒಂದನೇ ನಂಬರಿಗೆ ಗೆರೆ ಎಳೆಯಲಿಲ್ಲ. ಈ ಹುಡುಗಿ ಇದ್ದಾಳೆ, ಅವಳ ಪ್ರಶ್ನೆಗೆ ನಾನು ಉತ್ತರ ಹೇಳಬೇಕಾಗಿದೆ ಎಂದು ಬರೆದು ಸಹಿ ಮಾಡಿ ಕಳಿಸಿದರು. ಮೊನ್ನೆ ಮರುಟಪಾಲು ಬಂತು. ಹನ್ನೆರಡು ಸುಳ್ಳು ಹೆಸರಿಗೆ ಕ್ಷಮೆ ಸಿಕ್ಕಿದೆ. ಒಂದು ನಿಜವಾದ ಹೆಸರಿಗೆ ಇಲ್ಲ! ಡಿಸೆಂಬರ್ ಮುಗಿಯುವುದರೊಳಗೆ ಹುಡುಗಿಯ ವಿಳಾಸ ತಿಳಿಸಬೇಕು, ಇಲ್ಲವೇ ಹೆಸರು ತೆಗೆಯಬೇಕು, ಇಲ್ಲವೇ ವರ್ಗ. ಮಾವ ಟ್ರಂಕಿನ ಧೂಳು ಒರೆಸುತ್ತಿದ್ದಾರೆ.

ಆದ್ದರಿಂದ ಇದನ್ನು ಓದಿದವರಲ್ಲಿ ಕೇಳುತ್ತೇನೆ. ಪುಷ್ಪಾಗೆ ಈಗ ಹದಿನಾರು ವರ್ಷ ಇರಬಹುದು. ಮಳೆ ಬಗ್ಗೆ ಪ್ರಶ್ನೆ ಕೇಳುವ ಸ್ವಭಾವ. ನಿಮ್ಮ ಊರಲ್ಲಿ, ನಿಮ್ಮ ಪಕ್ಕದ ಮನೆಯಲ್ಲಿ ಅಂಥವಳೊಬ್ಬಳು ಇದ್ದರೆ, ಇದನ್ನು ಅಚ್ಚು ಹಾಕಿದ ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ವಿಳಾಸ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ಚೆನ್ನಾಗಿದ್ದಾಳೆ ಎಂದಷ್ಟು ಬರೆದರೂ ಸಾಕು. ನೋಟಿಸಿಗೆ ಅದು ಸಾಲದು. ಮಾವನಿಗೆ ಸಾಕಾಗುತ್ತದೆ.