ಪಟ್ಟೆ ಬೇಕೋ ಪಗಾರ ಬೇಕೋ

ಮಡಿವಾಳಪ್ಪ: ನನ್ನ ಕುತ್ತಿಗಿ ಬೇಕಾದ್ರ ಕೇಳ್ರಿ ಸಾಹೇಬ್ರ, ಕೊಡತೀನಿ. ಪಟ್ಟೆ ಮಾತ್ರ ಕೇಳಬ್ಯಾಡ್ರಿ.

ಗುರುಶಾಂತವ್ವ: ನಿಮ್ಮ ಕುತ್ತಿಗಿ ತಗೊಂಡು ಅವರೇನ ಮಾಡ್ತಾರ? ಪಟ್ಟೆ ಬಿಚ್ಚಿ ಟೇಬಲ್ ಮ್ಯಾಲ ಇಡ್ರಿ ಅಂದ್ರ ಇಡಬೇಕಪ್ಪ.

ನಾನು: ಕುತ್ತಿಗೆ ಬಗ್ಗೆ ನಮ್ಮ ಇಲಾಖೆಯಲ್ಲಿ ಕಟ್ಟಳೆಯೇ ಇಲ್ಲ ಮಾರಾಯಾ. ಇಲ್ಲೊಂದು ಸಹಿ ಹಾಕು, ಸಾಕು.

ಮಡಿವಾಳಪ್ಪ: ಸಹಿ ಹಾಕಿದ್ರ ಪಟ್ಟೆ ಹೋಗತೈತ್ರಿ!

ಗುರುಶಾಂತವ್ವ: ಹಾಕದಿದ್ರ ಪಗಾರ ಹೋಗತೈತ್ರಿ!

ಇಬ್ಬರೂ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಗೋಡೆಯಾದರೂ ಏನೂ ಕೇಳುವುದಿಲ್ಲವಲ್ಲ!

ಶಿರಸಿ ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಬಹಳ ದಿನವಾಗಿರಲಿಲ್ಲ. ನಮ್ಮ ಇಲಾಖೆಯ ನೌಕರರಿಗೆಲ್ಲ ಒಂದು ಆಯ್ಕೆ ಕೊಟ್ಟಿದ್ದರು. ಹಳೆಯ ಮುಂಬಯಿ ಪಗಾರದಲ್ಲೇ ಉಳಿಯಬಹುದು, ಇಲ್ಲವೇ ಹೊಸ ಮೈಸೂರು ಪಗಾರಕ್ಕೆ ಬರಬಹುದು. ಯಾವುದರಲ್ಲಿ ಲಾಭ ಎಂದು ಬಿಡಿಸಿ ಹೇಳುವುದಕ್ಕೆ ಸಿದ್ದಾಪುರದ ಕಡೆಯವನಾದ ದಿನಕರ ಎಂಬ ನನ್ನನ್ನು ಹಿಡಿದು, 'ವೇತನ ಮತ್ತು ಬಹುಮಾನ ಸಲಹೆಗಾರ' ಎಂಬ ಹೆಸರಿಟ್ಟು, ಶಿರಸಿ ಕಚೇರಿಯ ಮೂಲೆಯಲ್ಲಿ ಕೂರಿಸಿದರು. ಸರ್ಕಾರ ಸಲಹೆಗಾರನನ್ನೇನೋ ಮಾಡಿತು. ಸಲಹೆ ಕೇಳುವವರನ್ನು ಮಾಡುವುದು ಮರೆತೇಬಿಟ್ಟಿತು.

ಗುಮಾಸ್ತರೆಲ್ಲ ಸಹಿ ಹಾಕಿ ಮುಗಿಸಿದ್ದರು. ಉಳಿದವನು ಪಟ್ಟೇವಾಲಾ ಮಡಿವಾಳಪ್ಪ ಒಬ್ಬನೇ. ಪಟ್ಟೇವಾಲಾ ಎಂದರೆ ಮುಂಬಯಿ ಕಾಲದ ಜವಾನ: ಹೆಗಲಿನಿಂದ ಅಡ್ಡ ಇಳಿದು ಸೊಂಟಕ್ಕೆ ಬಿಗಿದ ಕೆಂಪು ಪಟ್ಟೆ, ಎದೆಯ ಮೇಲೆ ಅದಕ್ಕೇ ಸಿಕ್ಕಿಸಿದ, ಹೊಳೆಯುವ ಹಿತ್ತಾಳೆ ಬಿಲ್ಲೆ. ಹೊಸ ಪಗಾರ ಹೆಚ್ಚೇನೋ ಹೌದು, ಆದರೆ ಅದನ್ನು ಒಪ್ಪಿದವನು ಪಟ್ಟೆ ಬಿಲ್ಲೆ ಉಗ್ರಾಣಕ್ಕೆ ಒಪ್ಪಿಸಿ ಖಾಕಿ ಅಂಗಿ ತೊಡಬೇಕು. ಹಳೆಯದರಲ್ಲೇ ಉಳಿದರೆ ಪಟ್ಟೆ ಅವನದೇ. ಒಮ್ಮೆ ಸಹಿಯಾದರೆ ಬದಲಿಸುವಂತಿಲ್ಲ. ಅವತ್ತು ಕಡೆಯ ದಿನ. ಸಹಿಯಾದ ಅರ್ಜಿಗಳ ಟಪಾಲಿನ ಚೀಲ ಮಧ್ಯಾಹ್ನದ ಬಸ್ಸಿಗೆ ಕಾರವಾರದ ಜಿಲ್ಲಾ ಕಚೇರಿಗೆ ಹೋಗಬೇಕಿತ್ತು. ಈ ಸುದ್ದಿ ಯಾರಿಂದಲೋ ಕೇಳಿ ಅವನ ಹೆಂಡತಿ ಗುರುಶಾಂತವ್ವ ಗುಡ್ನಾಪುರದಿಂದ ಬೆಳಿಗ್ಗೆಯೇ ಹೊರಟು ಬಂದು ನನ್ನೆದುರು ಕುಕ್ಕರಿಸಿದ್ದಳು.

ನಾನು: ನೋಡು, ಖಾಕಿ ಅಂಗಿ ಪುಕ್ಕಟೆ ಕೊಡ್ತಾರೆ. ಹೊಚ್ಚ ಹೊಸದು.

ಮಡಿವಾಳಪ್ಪ: ಖಾಕಿ ಹಾಕ್ಕೊಂಡ್ರ ಜನಾ ನನ್ನ ಬಸ್ಸಿನ ಕ್ಲೀನರ್ ಅಂತ ತಿಳ್ಕೋತಾರ್ರಿ. 'ಏ, ಈ ಮೂಟಿ ಮ್ಯಾಲೇರ್ಸು' ಅಂತಾರ.

ಗುರುಶಾಂತವ್ವ: ಏರಸ್ರಿ. ಅದಕ್ಕೂ ನಾಕ ಕಾಸ ಸಿಗತಾವು.

ಮಡಿವಾಳಪ್ಪ: ಕೇಳಿದ್ರ್ಯಾ ಈಕಿ ಮಾತ? ಸಾಹೇಬ್ರ, ನಾ ಬನವಾಸಿ ಬಸ್ ಹತ್ತಿದ್ರ ಕಂಡಕ್ಟರ್ ಏನಂತಾನ ಗೊತ್ತೇನ್ರಿ? 'ಸರೀರಿ, ಸರೀರಿ, ಸರ್ಕಾರ ಬಂತು' ಅಂತಾನ. ಮುಂದಿನ ಸೀಟು ತಾನ ಖಾಲಿ ಆಗತೈತಿ.

ನಾನು: ನಾನೂ ಸರ್ಕಾರದವನೇ. ಹೊಸ ಪಗಾರಕ್ಕೆ ಸಹಿ ಹಾಕಿದ್ದೇನೆ. ನನಗೇನಾಯ್ತು?

ಮಡಿವಾಳಪ್ಪ: ನೀವು ಬಸ್ಸಿನ್ಯಾಗ ಹ್ಯಾಂಗ ಹೋಗತೀರಿ?

ನಾನು: ನಿಂತುಕೊಂಡು.

ಮಡಿವಾಳಪ್ಪ: ನೋಡ್ರಿ ಮತ್ತ!

ಗುರುಶಾಂತವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

ಗುರುಶಾಂತವ್ವ: ಇವ್ರು ಬಸ್ಸಿನ್ಯಾಗ ಕುಂತು ಬರತಾರ. ನಾ ಮನ್ಯಾಗ ಎಲ್ಲಿ ಕುಂದ್ರಬೇಕು, ಅದನ್ನ ಕೇಳ್ರಿ ಮೊದಲ.

ನಾನು: ಯಾಕೆ, ಮನೆಯಲ್ಲಿ ಜಾಗ ಇಲ್ಲವಾ?

ಗುರುಶಾಂತವ್ವ: ಜಾಗಾ ಐತ್ರಿ, ಒಲಿ ಇಲ್ಲ. ನೆಗೆಣ್ಣಿ ದೇವಕ್ಕ ಒಲಿ ಮುಂದ ಕುಂತ್ಲಂದ್ರ ಏಳಂಗಿಲ್ಲ. ನಾ ಮಾಡಿದ್ರ ಉಪ್ಪ ಹೆಚ್ಚಂತ, ಖಾರ ಕಡಿಮಿಯಂತ. ಲಗ್ನ ಆದಾಗಿಂದ ನನ್ನ ಮನಸಿಗೆ ಬಂದ ಒಂದ ಪಲ್ಯ ಮಾಡಿಲ್ಲರೀ ನಾನು! ಇಲ್ಲೇ ಶಿರಸ್ಯಾಗ ಎರಡ ಖೋಲಿ ನೋಡಿ ಬಂದೀನಿ. ಒಂದರಾಗ ಒಲಿ ಐತಿ. ಹೊಸಾ ಪಗಾರ ಬಂದ್ರ ಬಾಡಿಗಿ ಗಿಟ್ಟತೈತಿ, ಇಲ್ಲಂದ್ರ ಇಲ್ಲ. ಬರಕೊಳ್ರಿ ಇದನ್ನ.

ನಾನು: ಅರ್ಜಿಯಲ್ಲಿ ಇದನ್ನೆಲ್ಲ ಬರೆಯೋದಕ್ಕೆ ಜಾಗ ಇಲ್ಲಮ್ಮಾ.

ಗುರುಶಾಂತವ್ವ: ಪಲ್ಯಕ್ಕ ಜಾಗಾ ಇಲ್ಲ, ಒಲಿಗೆ ಜಾಗಾ ಇಲ್ಲ, ಎಂಥಾ ಅರ್ಜಿರೀ ಇದು?

ಮಡಿವಾಳಪ್ಪ: ದೇವಕ್ಕ ವೈನಿ ಕೂಡ ನಾ ಮಾತಾಡತೀನಿ ಅಂದೀನಲ್ಲ...

ಗುರುಶಾಂತವ್ವ: ನೀವಾ? ಅವ್ರ ಮುಂದ ನಿಮ್ಮ ಬಾಯಿ ಎಲ್ಲಿರತೈತಿ? ನಿಮ್ಮ ಬಿಲ್ಲೆ ಅಷ್ಟ ಮಾತಾಡತೈತಿ, ಹೊಳಕೋತ ನಿಂತಿರತೈತಿ! ಸಾಹೇಬ್ರ, ನೀವ ಹಾಕಸ್ರಿ ಸಹಿ. ಡಾಕ್ಟರ್ ಔಷಧ ಕುಡಸೋ ಮುಂದ ರೋಗಿನ್ನ ಕೇಳತಾರೇನು?

ನಾನು: ನಾನು ಸಲಹೆ ಕೊಡಬಹುದು ಅಷ್ಟೇ. ಒತ್ತಾಯ ಮಾಡೋ ಹಾಗಿಲ್ಲ.

ಗುರುಶಾಂತವ್ವ: ಹಂಗಾದ್ರ ನಿಮಗ ಪಗಾರ ಯಾತಕ್ಕ ಕೊಡತಾರ್ರಿ?

ನಾನು: ನಮ್ಮ ಮೇಲಿನವರೂ ಅದನ್ನೇ ಕೇಳ್ತಿದ್ದಾರೆ.

ಹೊರಗೆ ಕಾರವಾರ ಬಸ್ಸಿನ ಡ್ರೈವರ್ ಹಾರ್ನ್ ಒತ್ತಿದ. ಒಂದು ಸಹಿ ಇಲ್ಲದೆ ಚೀಲ ಕಳಿಸಿದರೆ 'ಒಬ್ಬ ಜವಾನನಿಗೆ ಬುದ್ಧಿ ಹೇಳಲಾರದವನು ಎಂಥ ಸಲಹೆಗಾರ' ಎಂದು ಕಾರವಾರದವರು ಕೇಳದೇ ಬಿಡುತ್ತಾರೆಯೇ?

ನಾನು: ಮಡಿವಾಳಪ್ಪಾ, ಹೊತ್ತಾಯ್ತು. ಪಟ್ಟೆ ಬಿಚ್ಚಿ ನನ್ನ ಕೈಗೆ ಕೊಡು ಮಾರಾಯಾ.

ಮಡಿವಾಳಪ್ಪ: ನಿಮ್ಮ ಕೈಗ್ಯಾಕ್ರಿ? ಓಹೋ, ಈಗ ತಿಳೀತು! ನಿಂತು ನಿಂತು ನಿಮಗೂ ಸಾಕಾಗೇತಿ. ಬೇಕಂತ ಬಾಯಿಬಿಟ್ಟು ಹೇಳ್ರಲ್ಲ.

ನಾನು: ನನಗೆ ಯಾಕೋ ನಿನ್ನ ಪಟ್ಟೆ!

ಗುರುಶಾಂತವ್ವ: ಸುಮ್ನಿರ್ರಿ, ಅವ್ರಿಗೆ ಯಾತಕ್ಕ ಪಟ್ಟೆ? ಮೈಮ್ಯಾಲ ಏನೈತಿ ಅವ್ರಿಗೆ? ಹಾಕಿದ್ರ ಸೀದಾ ಕಾಲಿಗೆ ಇಳೀತೈತಿ.

ನಾನು ಅಂಗಿಯ ಗುಂಡಿ ಸರಿಮಾಡಿಕೊಂಡೆ. ಸರ್ಕಾರಿ ಕೆಲಸದಲ್ಲಿ ಇಂಥದ್ದೆಲ್ಲ ನುಂಗಿಕೊಳ್ಳಬೇಕಾಗುತ್ತದೆ.

ಮಡಿವಾಳಪ್ಪ: ಈಗ ಹಿಂಗ ಮಾತಾಡತಾಳ. ನನಗ ಹೆಣ್ಣ ಕೊಡೋ ಮುಂದ ಇವರಪ್ಪ ಏನ ನೋಡಿದ, ಕೇಳ್ರಿ. ಹೊಲಾ ನೋಡಿದನೋ, ಮನಿ ನೋಡಿದನೋ? ಪಟ್ಟೆ ನೋಡಿ ಕೊಟ್ಟಾನ್ರಿ!

ಗುರುಶಾಂತವ್ವ: ಅಪ್ಪ ಪಟ್ಟೆ ನೋಡಿದ. ಅವ್ವ ಬಿಲ್ಲೆ ನೋಡಿದ್ಲು. ನನಗ ಯಾರೂ ಏನೂ ತೋರಸಲಿಲ್ಲ.

ಮಡಿವಾಳಪ್ಪ: (ದನಿ ತಗ್ಗಿಸಿ) ಅದ ನನ್ನ ಹೆದರಿಕಿ ಸಾಹೇಬ್ರ. ಬಸ್ಸಿನ ಮಾತ ಹಂಗ ಆಡಿದ್ನಿ. ನಾ ಏನ ದೊಡ್ಡ ಮನಿಶ್ಯಾ ಅಲ್ಲ. ಇದೊಂದ ಕೆಂಪ ಬಟ್ಟಿ ಮ್ಯಾಲ ಇಷ್ಟ ದಿನಾ ಮನ್ಯಾಗ ತಲಿ ಎತ್ತಿ ಅಡ್ಡಾಡೀನಿ. ಇದೂ ಹೋತಂದ್ರ ಈಕಿ ಕಣ್ಣಾಗ ನಾ ಏನ ಉಳೀತೀನ್ರಿ?

ನನಗೆ ಪಾಪ ಅನ್ನಿಸಿತು. ಗುರುಶಾಂತವ್ವ ಗಂಡನನ್ನು ನೋಡಲಾರದೆ ಕಿಟಕಿಯ ಕಡೆ ತಿರುಗಿದಳು. ಅವಳ ಮುಖ ಕೆಂಪಾಗಿತ್ತು.

ಗುರುಶಾಂತವ್ವ: ಅಯ್ಯ, ಎಂಥಾ ಮಾತರೀ... ನಾ ಏನ ಪಟ್ಟೆ ಜೋಡಿ ಸಂಸಾರ ಮಾಡೀನೇನು? ಜ್ವರ ಬಂದಾಗ ಪಟ್ಟೆಗೆ ಗಂಜಿ ಕುಡಿಸೀನೇನು?

ಮಡಿವಾಳಪ್ಪನ ಮುಖ ಅರಳಿತು. ಎದ್ದು ನಿಂತವನೇ ಒಂದೇ ಏಟಿಗೆ ಪಟ್ಟೆ ಬಿಚ್ಚಿ ಮಡಚಿ ನನ್ನ ಟೇಬಲ್ಲಿನ ಮೇಲಿಟ್ಟ. ಲೇಖನಿ ಎತ್ತಿಕೊಂಡ. ಅಬ್ಬಾ, ಗೆದ್ದೆ ಎಂದುಕೊಂಡು ನಾನು ಶಾಯಿ ಬಾಟಲಿ ಮುಂದಕ್ಕೆ ದೂಡಿದೆ.

ಗುರುಶಾಂತವ್ವ: ಅಯ್ಯ ಶಿವನ!

ನಾನು: ಏನಾಯ್ತು?

ಗುರುಶಾಂತವ್ವ: ಇವ್ರ ಹೊಟ್ಟಿ ನೋಡ್ರಿ!

ನೋಡಿದೆ. ಇಷ್ಟು ವರ್ಷ ಪಟ್ಟೆಯ ಬಿಗಿತದಲ್ಲಿ ಗೌಪ್ಯವಾಗಿದ್ದ ಹೊಟ್ಟೆ ಈಗ ಹಾಯಾಗಿ ಮುಂದಕ್ಕೆ ಬಂದಿತ್ತು. ಭುಜಗಳು ಇಳಿದಿದ್ದವು. ನಿಂತ ಭಂಗಿಯೇ ಬೇರೆಯಾಗಿತ್ತು.

ಗುರುಶಾಂತವ್ವ: ಯಾರೋ ಸಂತ್ಯಾಗ ದಾರಿ ತಪ್ಪಿಸಿಕೊಂಡವರಂಗ ಕಾಣತಾರ. ನಾ ಇವ್ರ ಜೋಡಿ ಬೀದ್ಯಾಗ ಹ್ಯಾಂಗ ನಡೀಲಿ? ಬ್ಯಾಡ, ಬ್ಯಾಡ, ವಾಪಸ್ ಹಾಕ್ಕೋರಿ. ಹಳೇ ಪಗಾರ ಇರಲಿ.

ಮಡಿವಾಳಪ್ಪ: ಅದೆಲ್ಲಾ ಆಗಂಗಿಲ್ಲ. ನಿನಗೊಂದ ಒಲಿ ಬೇಕು. ನಾ ಮನಸ ಮಾಡೀನಿ, ಹೊಸಾ ಪಗಾರ!

ಗುರುಶಾಂತವ್ವ: ಒಲಿಗೆ ಬೆಂಕಿ ಬೀಳಲಿ! ಹಳೇದು!

ಮಡಿವಾಳಪ್ಪ: ಹೊಸದು!

ನಾನು: ಈಗಷ್ಟೇ ನೀವು ಹೊಸದು ಅಂತಿದ್ರಿ, ಅವನು ಹಳೇದು ಅಂತಿದ್ದ!

ಇಬ್ಬರೂ: ನೀವು ನಡಕ ಬರಬ್ಯಾಡ್ರಿ ಸಾಹೇಬ್ರ!

ಸಿಟ್ಟು ಬಂದರೆ ನನ್ನ ಬಾಯಲ್ಲಿ ಕಚೇರಿಯ ಭಾಷೆ ನಿಲ್ಲುವುದಿಲ್ಲ, ಮನೆಯ ಮಾತು ಬರುತ್ತದೆ.

ನಾನು: ಎಂತ ಕರ್ಮ ಮಾರಾಯಾ ಇದು! ಆನು ಇಲ್ಲಿಗೆ ಎಂತಕ್ಕೆ ಬಂದ್ನೋ! ಸಲಹೆಯೂ ಬೇಡ, ಎಂತದೂ ಬೇಡ, ಆನು ಸಿದ್ದಾಪುರಕ್ಕೆ ಹೋಗ್ತೆ!

ಚೀಲ ಒಯ್ಯಲು ಬಂದ ಟಪಾಲಿನವನು ಬಾಗಿಲಲ್ಲೇ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಆಗಲೇ ನನ್ನ ಹುದ್ದೆಯ ಹೆಸರಿನಲ್ಲಿ 'ಬಹುಮಾನ' ಎಂಬ ಇನ್ನೊಂದು ಶಬ್ದವೂ ಇರುವುದು ತಲೆಗೆ ಹೊಳೆಯಿತು. ಅದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಬಹುಕಾಲ ದುಡಿದ ನೌಕರನಿಗೆ ಉಗ್ರಾಣದಲ್ಲಿ ಉಪಯೋಗಕ್ಕಿಲ್ಲದೆ ಬಿದ್ದಿರುವ ವಸ್ತು ಒಂದನ್ನು ಬಹುಮಾನವಾಗಿ ಕೊಡಿಸಲು ನಾನು ಶಿಫಾರಸು ಮಾಡಬಹುದಿತ್ತು. ಹಿಂದಿನ ಸಲ ಯಲ್ಲಾಪುರದ ಗುಮಾಸ್ತರೊಬ್ಬರಿಗೆ ಓಡದ ಗಡಿಯಾರ ಕೊಟ್ಟಿದ್ದರು.

ನಾನು: ಕೂತ್ಕೊಳ್ಳಿ ಇಬ್ಬರೂ! ಮಡಿವಾಳಪ್ಪಾ, ಹೊಸ ಪಗಾರಕ್ಕೆ ಸಹಿ ಹಾಕು. ಪಟ್ಟೆ ಉಗ್ರಾಣಕ್ಕೆ ಜಮಾ ಆಗ್ತದೆ. ಜಮಾ ಆದ ಕ್ಷಣವೇ ಅದು ಉಪಯೋಗಕ್ಕಿಲ್ಲದ ವಸ್ತು. ಅದನ್ನೇ ನಿನಗೆ ಬಹುಮಾನ ಅಂತ ಕೊಡಿಸ್ತೇನೆ.

ಮಡಿವಾಳಪ್ಪ: ಅಂದ್ರ ಪಗಾರನೂ ಬಂತು, ಪಟ್ಟೆನೂ ಬಂತು?

ಗುರುಶಾಂತವ್ವ: ಒಲಿನೂ ಬಂತು! ಏನ ಬುದ್ಧಿರೀ ನಿಮ್ದು! ಮೈ ಇಲ್ಲದಿದ್ರೇನಾತು, ತಲಿ ಐತಿ.

ಮಡಿವಾಳಪ್ಪ ಸಹಿ ಹಾಕಿದ. ಟಪಾಲಿನವನು ಚೀಲ ಎತ್ತಿಕೊಂಡು ಓಡಿದ. ನಾನು ಶಿಫಾರಸು ಬರೆದು ಒಳಕೋಣೆಯ ಸಾಹೇಬರ ಹತ್ತಿರ ಒಯ್ದೆ. ಸಾಮಾನ್ಯವಾಗಿ ಅವರು ಯಾವ ಕಾಗದವನ್ನೂ ಓದದೆ ಸಹಿ ಮಾಡುವವರು. ಅವತ್ತು ಯಾಕೋ ಓದಿದರು, ಓದಿದ್ದಷ್ಟೇ ಅಲ್ಲ, ಕೆಳಗೆ ಒಂದು ಸಾಲು ಸೇರಿಸಿಯೂಬಿಟ್ಟರು. ಅದನ್ನು ಹಿಡಿದುಕೊಂಡು ನಾನು ಮೆಲ್ಲಗೆ ಹೊರಗೆ ಬಂದೆ.

ಮಡಿವಾಳಪ್ಪ: ಏನಂತ ಬರದಾರ್ರಿ?

ನಾನು: 'ಬಹುಮಾನ ಪಡೆದ ನೌಕರನು ಈ ಪಟ್ಟೆಯನ್ನು ಇನ್ನು ಮುಂದೆ ಎಲ್ಲಿಯೂ ಧರಿಸತಕ್ಕದ್ದಲ್ಲ.'

ಮಡಿವಾಳಪ್ಪ: ಎಲ್ಲೆಲ್ಲೂ? ಮನ್ಯಾಗ?

ನಾನು: ಮನೆಯಲ್ಲೂ ಇಲ್ಲ. ಪೆಟ್ಟಿಗೆಯಲ್ಲಿಟ್ಟು ನೋಡ್ಕೊಂಡಿರು.

ಮಡಿವಾಳಪ್ಪನ ಕಣ್ಣಲ್ಲಿ ನೀರೇ ಬಂತು. ಗುರುಶಾಂತವ್ವ ಆ ಕಾಗದವನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು. ಟೇಬಲ್ಲಿನ ಮೇಲಿನ ಪಟ್ಟೆ ಎತ್ತಿ, ಸೆರಗಿನ ಮೇಲೆ ಅಡ್ಡ ಹಾಕಿ, ಸೊಂಟಕ್ಕೆ ಬಿಗಿದು, ಬಿಲ್ಲೆಯನ್ನು ಎದೆಯ ನಡುವೆ ಸರಿಮಾಡಿಕೊಂಡಳು. ಸುಳ್ಳು ಯಾಕೆ ಹೇಳಲಿ, ಗಂಡನಿಗಿಂತ ಅವಳಿಗೇ ಚೆನ್ನಾಗಿ ಒಪ್ಪುತ್ತಿತ್ತು. ಮಡಿವಾಳಪ್ಪ ಕಣ್ಣೊರೆಸಿಕೊಂಡು ನೋಡಿದವನು, ತನಗೇ ಗೊತ್ತಿಲ್ಲದೆ ಎದ್ದು ಓಡಿ ಬಾಗಿಲು ತೆಗೆದು ಸಲಾಮು ಹೊಡೆದ.

ನಾನು: ಅಮ್ಮಾ, ಅಮ್ಮಾ! ಧರಿಸೋ ಹಾಗಿಲ್ಲ ಅಂತ ಈಗಷ್ಟೇ ಓದಿ ಹೇಳಿದೆನಲ್ಲ!

ಗುರುಶಾಂತವ್ವ: ಯಾರು ಧರಸಂಗಿಲ್ಲರಿ?

ನಾನು: ನೌಕರ.

ಗುರುಶಾಂತವ್ವ: ಹೊತ್ತ ಹುಟ್ಟೋದರಾಗ ಎದ್ದು ರಾತ್ರಿ ತನಕಾ ದುಡೀತೀನಿ ನಾನು. ಮುಂಬಯಿಯವ್ರೂ ಪಗಾರ ಕೊಡಲಿಲ್ಲ, ಮೈಸೂರವ್ರೂ ಕೊಡಲಿಲ್ಲ. ಯಾರು ಕೊಡತಾರ ಅಂತ ನೋಡಿ ಹೇಳ್ರಿ ಸಲಹಾದ ಸಾಹೇಬ್ರ, ಆವತ್ತ ಬಿಚ್ಚಿ ಇಡತೀನಿ.